ದೊಡ್ಡಮ್ಮನ ನೀರು

ನನ್ನ ಹಲ್ಲುಗಳ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಎದುರಿಗಿದ್ದಿದ್ದರೆ ಹೇಗೂ ಮೊದಲು ನೋಡುತ್ತಿದ್ದದ್ದು ಅವನ್ನೇ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಕ್ಕೆ ಕಂದು ಪಟ್ಟೆಗಳಿವೆ, ನಡುನಡುವೆ ಸುಣ್ಣದಂಥ ಚುಕ್ಕೆಗಳು. ಉಜ್ಜಿದರೆ ಹೋಗುವಂಥವಲ್ಲ. ನಾನು ಹುಟ್ಟಿದ್ದು ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ವಿಪರೀತ. ದವಡೆಯೊಳಗೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಬಾಯಿ ಹೀಗಾಗುತ್ತದೆ. ಊರಿನಲ್ಲಿದ್ದಷ್ಟು ದಿನ ಇದು ನನಗೆ ಗೊತ್ತೇ ಇರಲಿಲ್ಲ, ಏಕೆಂದರೆ ನನ್ನ ಜೊತೆಯ ಮಕ್ಕಳೆಲ್ಲ ಹಾಗೇ ಇದ್ದರು. ಅಂಚೆ ಇಲಾಖೆಯಲ್ಲಿದ್ದ ಅಪ್ಪನಿಗೆ ಮೈಸೂರಿಗೆ ವರ್ಗವಾಯಿತು. ಹೊಸ ಶಾಲೆಯ ಮೊದಲ ದಿನ ಪಕ್ಕದಲ್ಲಿ ಕೂತ ಹುಡುಗಿ, "ನೀನು ಎಲೆ ಅಡಿಕೆ ಹಾಕ್ತೀಯಾ?" ಎಂದು ಕೇಳಿದಳು. ಪಾಪ, ಕೆಟ್ಟದಾಗಿ ಕೇಳಿರಲಿಲ್ಲ. ಆದರೆ ಅವತ್ತಿನಿಂದ ನಕ್ಕಾಗಲೆಲ್ಲ ನನ್ನ ಬಲಗೈ ಬಾಯಿಗೆ ಹೋಗುವುದನ್ನು ಕಲಿಯಿತು.

ತಂಗಿ ಹುಟ್ಟಿದ್ದು ಮೈಸೂರಿಗೆ ಬಂದ ಮೇಲೆ. ಅವಳು ಕುಡಿದದ್ದು ಕಾವೇರಿ ನೀರು. ಅವಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗ ಅಮ್ಮ ದಿನಾ ಬೆಳಿಗ್ಗೆ ಅವಳನ್ನು ಅಂಗಳದ ಬೆಳಕಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿ ನೋಡುತ್ತಿದ್ದಳು. ಬೆಳ್ಳಗೇ ಬಂದವು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನನಗೆ ಖುಷಿಯಾಯಿತು ಎಂದರೆ ಅರ್ಧ ಸುಳ್ಳು. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಒಂದೇ ತಾಯಿ, ಒಂದೇ ಮನೆ, ನೀರು ಮಾತ್ರ ಎರಡು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರತೊಡಗಿದಾಗ ತಂಗಿಯಿನ್ನೂ ಶಾಲೆಗೆ ಹೋಗುತ್ತಿದ್ದಳು. ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಒಂದು ಹಾಡು ಹೇಳಮ್ಮ" ಎನ್ನುತ್ತಿದ್ದರು. ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಹಾಡಿದರೆ ಬಾಯಿ ತೆರೆಯಬೇಕಲ್ಲ, ಅದಕ್ಕೆ. ನಾನು ತುಟಿಯನ್ನು ಆದಷ್ಟು ಕಡಿಮೆ ಬಿಚ್ಚಿ, ಮೂಗಿನಲ್ಲೇ ಒಂದು ದೇವರನಾಮ ಎಳೆದು ಮುಗಿಸುತ್ತಿದ್ದೆ. ತಂಗಿ ಕೋಣೆಯ ಪರದೆಯ ಹಿಂದೆ ನಿಂತು ಬಂದವರ ಮುಖ ನೋಡುತ್ತಿದ್ದಳು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರಿಂದ ಸುದ್ದಿ ಬರದಿದ್ದಾಗ ನನಗಿಂತ ಹೆಚ್ಚು ಅತ್ತವಳು ಅವಳು. ಕೊನೆಗೆ ಅವರೆಲ್ಲ ಬರುವುದು ನಿಂತಿತು. ನಾನು ಸ್ಟ್ಯಾಟಿಸ್ಟಿಕ್ಸ್ ಓದಿ, ಕೆಲಸಕ್ಕೆ ಸೇರಿ, ಸ್ಕಿಲ್ಡ್ ವೀಸಾ ಸಿಕ್ಕಿ ಸಿಡ್ನಿಗೆ ಬಂದೆ. ತಂಗಿ ಮದುವೆಯಾಗಿ ಎಷ್ಟೋ ವರ್ಷಗಳ ನಂತರ ಗಂಡನ ಜೊತೆ ಮೆಲ್ಬರ್ನ್‌ಗೆ ಬಂದಳು. ಅಪ್ಪ ಅಮ್ಮ ಈಗ ಇಲ್ಲ. ಈ ದೇಶದಲ್ಲಿ ನನಗೆ ನನ್ನವರು ಎಂದು ಇರುವುದು ಅವಳು, ಅವಳ ಗಂಡ, ಅವರ ಮಗಳು.

ಇಂಥ ಹಲ್ಲಿಟ್ಟುಕೊಂಡು ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂದು ಕೇಳಿದರೆ ನಿಮಗೆ ನಗು ಬರಬಹುದು. ನನಗಂತೂ ಬರುತ್ತದೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಕೂತು, ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿದರೆ ಊರಿಗೆ ಎಷ್ಟು ಲಾಭ ಎಂದು ಲೆಕ್ಕ ಹಾಕುತ್ತೇನೆ. ಸಿಡ್ನಿ, ಮೆಲ್ಬರ್ನ್‌ಗಳ ನಲ್ಲಿ ನೀರಿಗೆ ಬಹಳ ಹಿಂದಿನಿಂದಲೂ ಅದನ್ನು ಸೇರಿಸುತ್ತಾರೆ. ಬಹಳ ಸ್ವಲ್ಪ, ನಮ್ಮೂರ ಬೋರ್‌ವೆಲ್ಲಿನ ಮುಂದೆ ಏನೇನೂ ಅಲ್ಲದಷ್ಟು. ಆ ಸ್ವಲ್ಪಕ್ಕೆ ಹಲ್ಲು ಗಟ್ಟಿಯಾಗುತ್ತದೆ, ಹುಳುಕು ಕಡಿಮೆಯಾಗುತ್ತದೆ. ಒಳನಾಡಿನ ಕೆಲವು ಸಣ್ಣ ಊರುಗಳಲ್ಲಿ ಇನ್ನೂ ಸೇರಿಸುವುದಿಲ್ಲ. ಸೇರಿಸಬೇಕೇ ಬೇಡವೇ ಎಂದು ಅಲ್ಲಿನ ಕೌನ್ಸಿಲ್‌ಗಳಲ್ಲಿ, ಅಂದರೆ ಪುರಸಭೆಗಳಲ್ಲಿ, ಜಗಳ ನಡೆದಾಗ ಲೆಕ್ಕ ನಮ್ಮ ಟೇಬಲ್ಲಿಗೆ ಬರುತ್ತದೆ. ಯಂತ್ರಕ್ಕೆ, ಪುಡಿಗೆ, ನೋಡಿಕೊಳ್ಳುವವರಿಗೆ ಆಗುವ ಖರ್ಚು ಒಂದು ಕಡೆ. ತಪ್ಪಿದ ಫಿಲ್ಲಿಂಗ್, ತಪ್ಪಿದ ರೂಟ್ ಕೆನಾಲ್, ಮಕ್ಕಳನ್ನು ಮಲಗಿಸಿ ಹಲ್ಲು ಕೀಳುವ ಆಸ್ಪತ್ರೆಯ ಖರ್ಚು, ಅಪ್ಪ ಅಮ್ಮ ಹಾಕುವ ರಜೆ ಇನ್ನೊಂದು ಕಡೆ. ನಾನು ಮಾಡಿದ ಲೆಕ್ಕಗಳಲ್ಲೆಲ್ಲ ನೀರಿಗೆ ಹಾಕಿದ ದುಡ್ಡು ಬಾಯಿಯಲ್ಲಿ ವಾಪಸ್ಸು ಬಂದಿದೆ, ಹೆಚ್ಚಾಗಿಯೇ ಬಂದಿದೆ.

ಪ್ರಾಮಾಣಿಕವಾದ ಲೆಕ್ಕದಲ್ಲಿ ಖರ್ಚಿನ ಕಡೆ ಇನ್ನೊಂದು ಸಾಲು ಇರಬೇಕು, ಹಲ್ಲಿನ ಕಲೆಯ ಸಾಲು. ಸೇರಿಸುವ ಪ್ರಮಾಣ ಎಷ್ಟು ಕಡಿಮೆಯಿದ್ದರೂ ಕೆಲವು ಮಕ್ಕಳ ಹಲ್ಲಿನ ಮೇಲೆ ತೆಳ್ಳನೆಯ ಬಿಳಿ ಗೆರೆ ಬರಬಹುದು. ಹೆಚ್ಚಿನವರಿಗೆ ಅದು ಕಾಣುವುದೂ ಇಲ್ಲ. ಆದರೂ ಅದಕ್ಕೊಂದು ಬೆಲೆ ಕಟ್ಟಬೇಕು. ಆ ಕಲೆ ತೆಗೆಸಲು ಡೆಂಟಿಸ್ಟ್ ಎಷ್ಟು ತೆಗೆದುಕೊಳ್ಳುತ್ತಾರೋ ಅದನ್ನೇ ಬೆಲೆ ಎಂದು ಹಿಡಿಯುತ್ತೇವೆ. ಒಂದು ಸಲ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್, ಒಳ್ಳೆಯ ಮನುಷ್ಯ, ಈ ಸಾಲು ಸಣ್ಣದು, ಇದರಿಂದ ಯಾರ ಬದುಕೂ ಬದಲಾಗುವುದಿಲ್ಲ ಎಂದವನು ನನ್ನ ಕಡೆ ತಿರುಗಿ ಕಿವಿಯವರೆಗೂ ಕೆಂಪಾದ. ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡತೊಡಗಿದರು. "ಹೆದರಬೇಡಿ, ನನ್ನದು ಬೇರೆ ನೀರು" ಎಂದೆ. ನಕ್ಕರು. ನಾನೂ ನಕ್ಕೆ, ಕೈ ಅಡ್ಡ ಇಟ್ಟುಕೊಂಡು.

ಹಲ್ಲು ಸರಿ ಮಾಡಿಸಿಕೊಳ್ಳಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ, ಪರಿಚಯವಾಗಿ ಹೋಳಿಗೆ ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬರು, "ಆಂಟಿ, ಈಗ ವಿನೀರ್ಸ್ ಎಲ್ಲ ಬಂದಿದೆಯಲ್ಲ" ಎಂದು ಶುರು ಮಾಡುತ್ತಾರೆ. ಅದಕ್ಕೂ ಮೊದಲು, "ನಿಮ್ಮ ಫ್ಯಾಮಿಲಿ ಎಲ್ಲಿದೆ?" ಎಂದು ಕೇಳಿರುತ್ತಾರೆ. ದುಡ್ಡಿಲ್ಲದೆ ಅಲ್ಲ, ಹಟದಿಂದ ಮಾಡಿಸಿಲ್ಲ. ನೋಡುವವರಿಗೋಸ್ಕರ ನಾನೇಕೆ ಗಟ್ಟಿ ಹಲ್ಲು ತೇಯಿಸಿಕೊಂಡು ಮೇಲೆ ಬಿಳಿ ಪದರ ಅಂಟಿಸಿಕೊಳ್ಳಲಿ ಎಂಬ ಹಟ. ಈ ಹಟ ನನಗೆ ಸುಖ ಕೊಟ್ಟಿದೆ ಎಂದು ಹೇಳಲಾರೆ. ನನ್ನ ಮನೆಯೂ ಆಫೀಸಿನ ಹತ್ತಿರವೇ, ಶನಿವಾರ ಭಾನುವಾರ ಮ್ಯಾಕ್ವೆರಿ ಪಾರ್ಕ್‌ನ ಆಫೀಸುಗಳೆಲ್ಲ ಖಾಲಿ. ಮೆಟ್ರೋ ರೈಲಿಗೆ ಡ್ರೈವರ್ ಕೂಡ ಇಲ್ಲ, ತಾನೇ ಬಂದು ತಾನೇ ಹೋಗುತ್ತದೆ. ಒಬ್ಬಳಿಗೆ ಅಂತ ಸಾರು ಮಾಡಿದರೂ ಅದು ಮಂಗಳವಾರದವರೆಗೆ ಉಳಿಯುತ್ತದೆ. ಟಿವಿ ನೋಡಿ ನಗುವಾಗಲೂ ನನ್ನ ಕೈ ಬಾಯಿಗೆ ಹೋಗುತ್ತದೆ. ಮನೆಯಲ್ಲಿ ನೋಡುವವರು ಯಾರಿದ್ದಾರೆ ಎಂದು ನನ್ನನ್ನೇ ಬೈದುಕೊಳ್ಳುತ್ತೇನೆ.

ಹಾಗಾಗಿ ರಜೆ ಸಿಕ್ಕಿದಾಗಲೆಲ್ಲ ಮೆಲ್ಬರ್ನ್‌ಗೆ ಓಡುತ್ತಿದ್ದೆ. ತಂಗಿಯ ಮನೆ ಊರ ಹೊರವಲಯದ ಟ್ರುಗನಿನಾ ಬಡಾವಣೆಯಲ್ಲಿ. ಅವಳ ಗಂಡ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ, ಅವಳು ಒಂದು ಗೋದಾಮಿನ ಆಫೀಸಿನಲ್ಲಿ. ಮನೆ ಹೊಸದು, ಮನೆ ಸಾಲದ ಮಾರ್ಟ್‌ಗೇಜ್ ಕೂಡ ಹೊಸದು. ಗೃಹಪ್ರವೇಶವಾದ ತಿಂಗಳಲ್ಲೇ ನಮ್ಮವರೇ ಒಬ್ಬ ಅಂಕಲ್ ವಾಟರ್ ಫಿಲ್ಟರ್ ಮಾರಲು ಬಂದರು. ಆ ಓಣಿಯ ಇಂಡಿಯನ್ ಮನೆಗಳಿಗೆಲ್ಲ ಅವರೇ ಫಿಲ್ಟರ್ ಹಾಕಿಕೊಟ್ಟಿದ್ದರಂತೆ. ಆ ದಿನ ನಾನೂ ಅಲ್ಲಿದ್ದೆ. ಅವರು ಎರಡು ಗಾಜಿನ ಲೋಟ ತರಿಸಿ ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ಹಾಕಿದರು. ಒಂದು ಡಬ್ಬಿಯ ಕರೆಂಟಿನ ಕಡ್ಡಿಗಳನ್ನು ಎರಡೂ ಲೋಟಗಳಲ್ಲಿ ಅದ್ದಿ ಸ್ವಿಚ್ ಒತ್ತಿದರು. ನೋಡನೋಡುತ್ತಿದ್ದಂತೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಕಟ್ಟಿತು. ಫಿಲ್ಟರ್ ನೀರು ಹಾಗೇ ತಿಳಿಯಾಗಿತ್ತು.

"ನೋಡಿ, ಇದನ್ನೇ ನೀವು ಮಗುವಿಗೆ ಕುಡಿಸ್ತಾ ಇರೋದು" ಎಂದರು ಅಂಕಲ್. "ಮೇಲಿಂದ ಗವರ್ನ್‌ಮೆಂಟ್‌ನೋರು ಫ್ಲೋರೈಡ್ ಬೇರೆ ಹಾಕ್ತಾರೆ."

"ಆ ಬಣ್ಣ ನಿಮ್ಮ ಕಬ್ಬಿಣದ ಕಡ್ಡೀದು, ನೀರಿನದಲ್ಲ" ಎಂದೆ ನಾನು. "ಉಪ್ಪಿನಂಶ ಇದ್ರೆ ಕರೆಂಟ್ ಓಡುತ್ತೆ, ಕಡ್ಡಿ ಕರಗುತ್ತೆ. ಫಿಲ್ಟರ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಅದೂ ಹೀಗೇ ಆಗುತ್ತೆ."

ಅಂಕಲ್ ನನ್ನ ಮುಖ ನೋಡಿದರು, ಸರಿಯಾಗಿ ಹೇಳಬೇಕೆಂದರೆ ನನ್ನ ಬಾಯಿ ನೋಡಿದರು. ಆಮೇಲೆ ಏನೂ ಹೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ತಂಗಿ ಆ ಕಂದು ಲೋಟವನ್ನೇ ನೋಡುತ್ತಾ ನಿಂತಿದ್ದಳು. ಫಿಲ್ಟರ್ ಅವತ್ತೇ ಬುಕ್ ಆಯಿತು.

ಅಡುಗೆಮನೆಯ ಸಿಂಕಿಗೆ ಎರಡು ನಲ್ಲಿಗಳಾದವು. ಚಿಕ್ಕದು ಫಿಲ್ಟರ್‌ನದು, ಕುಡಿಯಲು ಮತ್ತು ಅಡುಗೆಗೆ. ದೊಡ್ಡದು ಪಾತ್ರೆ ತೊಳೆಯಲು. ಅಂಥ ಫಿಲ್ಟರ್ ನೀರಿನಲ್ಲಿರುವ ಫ್ಲೋರೈಡನ್ನೂ ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡುತ್ತದೆ. ನಾನು ಹೋದಾಗಲೆಲ್ಲ ಹಟ ಮಾಡಿ ದೊಡ್ಡ ನಲ್ಲಿಯಿಂದಲೇ ಕುಡಿಯುತ್ತಿದ್ದೆ. ತಂಗಿಯ ಮಗಳು ಆಗ ಬಹಳ ಸಣ್ಣವಳು. ನನ್ನ ಲೋಟಕ್ಕೆ ಕೈ ಹಾಕಿದರೆ ತಂಗಿ, "ಬೇಡ ಪುಟ್ಟ, ಅದು ದೊಡ್ಡಮ್ಮನ ನೀರು, ನೀನು ಕುಡೀಬಾರ್ದು" ಎನ್ನುತ್ತಿದ್ದಳು. ಹಾಗೇ ಆ ನಲ್ಲಿಗೆ ಆ ಮನೆಯಲ್ಲಿ ಅದೇ ಹೆಸರು ನಿಂತಿತು. ಮಗು ಆಟಕ್ಕೆ ನನ್ನ ಹಾಗೆ ಕೈ ಅಡ್ಡ ಇಟ್ಟುಕೊಂಡು ನಗುವುದನ್ನೂ ಕಲಿತಳು. ಎಲ್ಲರೂ ನೋಡಿ ನಗುತ್ತಿದ್ದೆವು.

ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಹೋದಾಗಲೆಲ್ಲ ಹೇಳಿದೆ. ನನ್ನ ಕೆಲಸವೇ ಇದು, ನಮ್ಮೂರ ನೀರೇ ಬೇರೆ, ಈ ನೀರೇ ಬೇರೆ, ಇಷ್ಟು ಸ್ವಲ್ಪ ಒಳ್ಳೆಯದು, ಅಷ್ಟೊಂದು ಕೆಟ್ಟದ್ದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವಳು ನನ್ನ ಮಾತಿಗೆಲ್ಲ ತಲೆಯಾಡಿಸಿ ಚಿಕ್ಕ ನಲ್ಲಿ ತಿರುಗಿಸುತ್ತಿದ್ದಳು. ಊರಿನ ಕೌನ್ಸಿಲ್‌ಗಳನ್ನು ಒಪ್ಪಿಸಿದವಳಿಗೆ ಒಬ್ಬ ತಂಗಿಯನ್ನು ಒಪ್ಪಿಸಲಾಗಲಿಲ್ಲ. ನಾನು ಮಾತಾಡಲು ಬಾಯಿ ತೆರೆದರೆ ಸಾಕು, ನನ್ನ ಮಾತಿಗೆ ವಿರುದ್ಧವಾದ ಸಾಕ್ಷಿ ಅಲ್ಲೇ ಕಾಣುತ್ತಿತ್ತು.

ಮಗುವಿಗೆ ಐದು ತುಂಬಿದ ಮೇಲೆ ದವಡೆಯ ಹಾಲುಹಲ್ಲುಗಳಲ್ಲಿ ಕಪ್ಪು ಕಾಣಿಸಿಕೊಂಡಿತು. ಆಗಾಗ ನೋವು ಎನ್ನುತ್ತಿದ್ದಳು. ಇಲ್ಲಿನ ನಮ್ಮವರಲ್ಲಿ ಒಂದು ರೂಢಿಯಿದೆ. ಡಾಕ್ಟರಿಗೆ ಹೋದರೆ ಖರ್ಚಿಗೆ ಸರ್ಕಾರದ ಮೆಡಿಕೇರ್ ಇದೆ, ಹಲ್ಲಿಗೆ ಕೈಯಿಂದಲೇ ಕೊಡಬೇಕು. ಸರ್ಕಾರ ಕೆಲವು ಮಕ್ಕಳ ಹಲ್ಲಿನ ಖರ್ಚು ಕೊಡುತ್ತದೆ, ಆದರೆ ತಂಗಿಯ ಮನೆಯಂತೆ ಇಬ್ಬರೂ ದುಡಿಯುವವರಿಗೆ ಸಿಗುವುದಿಲ್ಲ. ಹಾಗಾಗಿ ಹಲ್ಲು ನೋವನ್ನೆಲ್ಲ ಡಿಸೆಂಬರ್‌ಗೆ ಎತ್ತಿಡುತ್ತಾರೆ. ಡಿಸೆಂಬರ್‌ನಲ್ಲಿ ಇಂಡಿಯಾಗೆ ಹೋದಾಗ ಮದುವೆ, ಮುಂಜಿ, ಸೀರೆ ಶಾಪಿಂಗ್‌ಗಳ ನಡುವೆ ಇಡೀ ಸಂಸಾರ ಸಾಲಾಗಿ ಡೆಂಟಿಸ್ಟ್ ಕುರ್ಚಿಯಲ್ಲಿ ಕೂತು ಬರುತ್ತದೆ. ಹೋಗುವಾಗ ಸೂಟ್‌ಕೇಸಿನ ತುಂಬ ಚಾಕಲೇಟು, ಬರುವಾಗ ಬಾಯಿ ತುಂಬ ಸಿಮೆಂಟು ಎಂದು ನಾನು ಛೇಡಿಸುತ್ತಿದ್ದೆ. ತಂಗಿಯೂ ಆ ರೂಢಿಯಂತೆಯೇ ಹೇಳಿದಳು.

"ಡಿಸೆಂಬರ್‌ಗೆ ಹೋಗ್ತೀವಲ್ಲ ಅಕ್ಕ. ಮೈಸೂರಲ್ಲಿ ತೋರಿಸ್ತೀನಿ. ಹೇಗೂ ಬಿದ್ದು ಹೋಗೋ ಹಲ್ಲು."

"ನೋವು ಡಿಸೆಂಬರ್‌ವರೆಗೂ ಕಾಯುತ್ತಾ?" ಎಂದೆ.

ಕಾಯಲಿಲ್ಲ. ಜುಲೈನಲ್ಲಿ, ಇಲ್ಲಿನ ಚಳಿಗಾಲದ ಒಂದು ಬೆಳಿಗ್ಗೆ ತಂಗಿಯ ಫೋನ್ ಬಂತು. ಮಗುವಿನ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು, ಜ್ವರ ಬೇರೆ. ಡೆಂಟಿಸ್ಟ್ ನೋಡಿ ಔಷಧ ಕೊಟ್ಟು, ಹಾಳಾದ ಹಲ್ಲುಗಳು ಬಹಳ ಇವೆ, ಕೂರಿಸಿಕೊಂಡು ಮಾಡುವ ಕೆಲಸವಲ್ಲ, ಆಸ್ಪತ್ರೆಯಲ್ಲಿ ಮಲಗಿಸಿ ಕೆಲವನ್ನು ಕೀಳಬೇಕು, ಕೆಲವಕ್ಕೆ ಉಕ್ಕಿನ ಟೊಪ್ಪಿಗೆ ಹಾಕಬೇಕು ಎಂದಿದ್ದರು. ಸರ್ಕಾರಿ ಆಸ್ಪತ್ರೆಯ ಸರದಿ ಉದ್ದ. ಖಾಸಗಿಯಲ್ಲಿ ಮಾಡಿಸುವುದೆಂದಾಯಿತು. ಆಸ್ಪತ್ರೆಯದೊಂದು ಬಿಲ್ಲು, ಡೆಂಟಿಸ್ಟ್‌ದೊಂದು, ಅನೆಸ್ತೇಶಿಯಾ ಕೊಡುವವರದೊಂದು. ತಂಗಿಗೆ ರಜೆ, ಅವಳ ಗಂಡನಿಗೆ ರಜೆ. ಮಾರ್ಟ್‌ಗೇಜಿಗೆ ಕಂತಿಗಿಂತ ಹೆಚ್ಚಾಗಿ ಕಟ್ಟಿಟ್ಟಿದ್ದನ್ನು ವಾಪಸ್ಸು ತೆಗೆದರು, ಡಿಸೆಂಬರಿನ ಟಿಕೆಟ್ ಕ್ಯಾನ್ಸಲ್ ಮಾಡಿದರು. ನಾನು ಆಫೀಸಿನಲ್ಲಿ ಕೂತು ಯಾವುದೋ ಊರಿನ, ಯಾವುದೋ ಮಗುವಿನ ಹೆಸರಿಗೆ ಬರೆಯುವ ಸಾಲುಗಳೆಲ್ಲ ಒಂದೊಂದಾಗಿ ನನ್ನ ತಂಗಿಯ ಮನೆಗೇ ಬಂದವು. ಅವಳಿಗೆ ಹಾಗೆ ಹೇಳುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಟಿಕೆಟ್ ತೆಗೆದು ಮೆಲ್ಬರ್ನ್‌ಗೆ ಹೋದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಫಿಲ್ಟರ್ ಒಂದರಿಂದಲೇ ಹೀಗಾಯಿತು ಎಂದು ಡೆಂಟಿಸ್ಟ್ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮಲಗುವಾಗ ಬಾಟಲಿಯಲ್ಲಿ ಸಿಹಿ ಹಾಲು, ಶಾಲೆಗೆ ಜ್ಯೂಸ್ ಪ್ಯಾಕೆಟ್, ಎಲ್ಲ ಇತ್ತು. ಆದರೆ ಅವರು, ಮನೆಯಲ್ಲಿ ಯಾವ ನೀರು ಕುಡಿಸುತ್ತೀರಿ ಎಂದು ಕೇಳಿದ್ದರು. ಈಗ ಶಾಶ್ವತ ಹಲ್ಲುಗಳು ಬರುವ ಸಮಯ, ಹಿಂದಿನ ದವಡೆ ಹಲ್ಲು ಆಗಲೇ ಮೂಡುತ್ತಿದೆ, ಇನ್ನಾದರೂ ನಲ್ಲಿ ನೀರು ಕುಡಿಸಿ ಎಂದಿದ್ದರು. ಹೋದ ಹಲ್ಲು ಹೋಯಿತು. ಬರುವ ಹಲ್ಲುಗಳು ಜೀವನವಿಡೀ ಇರಬೇಕಾದವು. ನನಗೆ ಅದೊಂದೇ ಚಿಂತೆ ಹತ್ತಿತ್ತು.

ಮಗುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ತಂಗಿಯ ಗಂಡ ಕಾರ್ ಪಾರ್ಕಿಂಗಿಗೆ ದುಡ್ಡು ಹಾಕಲು ಹೋದ. ನಾವಿಬ್ಬರೂ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದೆವು. ತಂಗಿಯ ಮಡಿಲಲ್ಲಿ ಮಗುವಿನ ಸಣ್ಣ ಶೂಗಳಿದ್ದವು. ಇದೇ ಸಮಯ ಎಂದು ನಾನು ಮತ್ತೆ ಶುರು ಮಾಡಿದೆ.

"ಇನ್ನಾದ್ರೂ ಆ ಫಿಲ್ಟರ್ ಬಿಡು ಕಣೆ."

ಅವಳು ಶೂ ಲೇಸನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. "ನೀನು ಹೇಳ್ತಾನೇ ಇದ್ದೆ, ನಾನು ಕೇಳ್ಲಿಲ್ಲ. ಯಾಕ್ ಕೇಳ್ಲಿಲ್ಲ ಗೊತ್ತಾ?"

"ಹೇಳು."

"ನಿನ್ ಥರ ಆಗ್ಬಾರ್ದು ಅಂತ."

"ನನ್ನ ಹಲ್ಲಿನ ಥರಾನಾ? ಈ ನೀರಿಗೆ ಆ ಥರ ಆಗಲ್ಲ ಅಂತ ಎಷ್ಟು ಸಲ..."

"ಹಲ್ಲಲ್ಲ ಅಕ್ಕ" ಎಂದಳು. "ನಿನ್ ಥರ."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ನನಗೆ ನೋವಾಯಿತು. ಸಿಟ್ಟೂ ಬಂತು. ಇಷ್ಟು ವರ್ಷ ಅವಳ ಕಣ್ಣಿಗೆ ನಾನು ಅಕ್ಕನಾಗಿ ಕಂಡಿರಲಿಲ್ಲ, ಒಂದು ಅನಾಹುತವಾಗಿ ಕಂಡಿದ್ದೆ. ಪರದೆಯ ಹಿಂದೆ ನಿಂತಿದ್ದ ಆ ಹುಡುಗಿ ಅಲ್ಲಿಂದ ಹೊರಗೆ ಬಂದೇ ಇರಲಿಲ್ಲ. ಚೆನ್ನಾಗಿ ಬೈಯಬೇಕು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಕರೆದಳು. ಮಗು ಎಚ್ಚರವಾಗಿ ಅಮ್ಮನನ್ನು ಕೇಳುತ್ತಿದ್ದಳಂತೆ. ತಂಗಿ ಶೂಗಳನ್ನು ಹಿಡಿದುಕೊಂಡೇ ಓಡಿದಳು. ನಾನು ಅಲ್ಲೇ ಕೂತೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಮಾರನೆಯ ದಿನ ಮಗು ಮೆತ್ತಗೆ ಮಾಡಿದ ಮೊಸರನ್ನ ತಿಂದು ಬಚ್ಚಲುಮನೆಯ ಕನ್ನಡಿ ಮುಂದೆ ಸ್ಟೂಲ್ ಹಾಕಿಕೊಂಡು ನಿಂತಳು. ನಾನು ಅವಳ ತಲೆ ಬಾಚಲು ಹೋಗಿದ್ದೆ. ಎರಡು ಕಡೆ ಖಾಲಿ ಜಾಗ, ಉಳಿದ ದವಡೆ ಹಲ್ಲುಗಳ ಮೇಲೆ ಸ್ಟೀಲ್ ಪಾತ್ರೆಯಂತೆ ಹೊಳೆಯುವ ಟೊಪ್ಪಿಗೆಗಳು. ಅವಳು ನಕ್ಕು ನೋಡಿದಳು, ಬಾಯಿ ಮುಚ್ಚಿಕೊಂಡಳು, ಮತ್ತೆ ನಕ್ಕು ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಕನ್ನಡಿಯಲ್ಲೇ ನನ್ನನ್ನು ನೋಡಿ, ಸೋಮವಾರ ಶಾಲೆಗೆ ಹೋಗಬೇಕು, ನೀನು ನಗುತ್ತೀಯಲ್ಲ, ಹಾಗೆ ನಗುವುದನ್ನು ನನಗೆ ಸರಿಯಾಗಿ ಕಲಿಸಿಕೊಡು ಎಂದಳು. ಹೇಳುತ್ತಲೇ ಬಲಗೈ ಎತ್ತಿ ಬಾಯಿಯ ಮುಂದೆ ಹಿಡಿದು, ಬೆರಳು ಸರಿಯಾಗಿದೆಯಾ ಎಂದು ನನ್ನ ಕಡೆ ತಿರುಗಿದಳು. ಈ ಸಲ ಆಟವಾಗಿರಲಿಲ್ಲ.

ನಾನು ಅವಳ ಕೈಯನ್ನು ಕೆಳಗಿಳಿಸಿದೆ.

"ಅದು ನಗೋದಲ್ಲ ಪುಟ್ಟ."

ಹಾಗಾದರೆ ನೀನು ಯಾಕೆ ಮಾಡುತ್ತೀಯ ಎಂದು ಕೇಳಿದಳು. ಸ್ಟೂಲಿನ ಪಕ್ಕ ಬಗ್ಗಿ ನಿಂತು ಬಾಯಿಯನ್ನು ಅಗಲವಾಗಿ ತೆರೆದೆ. ಯಾವ ಗಂಡಿನ ಕಡೆಯವರಿಗೂ ತೋರಿಸದಷ್ಟು ತೆರೆದೆ. ಅವಳು ನನ್ನ ಫೋನಿನ ಟಾರ್ಚ್ ಹಾಕಿಸಿಕೊಂಡು, ಡೆಂಟಿಸ್ಟ್ ತನಗೆ ಮಾಡಿದ ಹಾಗೇ ನನ್ನ ಗಲ್ಲ ಹಿಡಿದು ಮೇಲೆ ಕೆಳಗೆ ನೋಡಿದಳು. ಕಂದು ಪಟ್ಟೆಯ ಮೇಲೆ ಉಗುರಿನಿಂದ ಕೆರೆದಳು. ಇವೆಲ್ಲ ನಿಜವಾದವಾ, ಒಂದನ್ನೂ ಕಿತ್ತಿಲ್ಲವಾ ಎಂದಳು.

"ಒಂದೂ ಕಿತ್ತಿಲ್ಲ. ಎಲ್ಲಾ ನಂದೇ."

"ಲಕ್ಕಿ" ಎಂದಳು ಮಗು. ಹೊಟ್ಟೆಕಿಚ್ಚಿನಿಂದಲೇ ಹೇಳಿದಳು.

ನನ್ನ ಹಲ್ಲನ್ನು ನೋಡಿ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ನಾನು ಜೋರಾಗಿ ನಕ್ಕುಬಿಟ್ಟೆ. ತಿರುಗಿದರೆ ತಂಗಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಕಣ್ಣು ತುಂಬಿತ್ತು.

ಮಗು ಟಿವಿ ಮುಂದೆ ಕೂತ ಮೇಲೆ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ನಾನು ಅವಳಿಗೆ ಹೇಳಿದೆ.

"ಕೊನೇಲಿ ಬಂದಿದ್ರಲ್ಲ, ಹಾಸನದ ಕಡೆಯೋರು. ನೆನಪಿದೆಯಾ?"

"ಕರೀ ಕೋಟು ಹಾಕ್ಕೊಂಡು ಬಂದಿದ್ದ. ಅವ್ರೂ ಬೇಡ ಅಂದ್ರಲ್ಲ."

"ಅವ್ರು ಬೇಡ ಅನ್ಲಿಲ್ಲ. ಆ ಹುಡುಗ ಒಪ್ಪಿದ್ದ. ನಾನೇ ಬೇಡ ಅಂದೆ."

ತಂಗಿಯ ಕೈಯಲ್ಲಿ ತೊಳೆಯುತ್ತಿದ್ದ ಪಾತ್ರೆ ಹಾಗೇ ನಿಂತಿತು. "ಅಮ್ಮ ಹಾಗ್ ಹೇಳ್ಲಿಲ್ಲ."

"ಅಮ್ಮನಿಗೆ ನನ್ನ ಮೇಲೆ ಸಿಟ್ಟು. ಹುಡುಗೀನೇ ಬೇಡ ಅಂದ್ಳು ಅಂತ ಊರಿಗೆಲ್ಲ ಗೊತ್ತಾದ್ರೆ ನಿಂಗೂ ಗಂಡು ಸಿಗಲ್ಲ ಅಂತ ಭಯ. ಅದಕ್ಕೆ ಎಲ್ಲರಿಗೂ ಅವ್ರೇ ಬೇಡ ಅಂದ್ರು ಅಂತ ಹೇಳಿದ್ಳು. ನಾನೂ ಸುಮ್ಮನಾದೆ."

"ಯಾಕೆ ಬೇಡ ಅಂದೆ?"

"ಅಂಗಳದಲ್ಲಿ ನಮ್ಮಿಬ್ಬರನ್ನೇ ಮಾತಾಡೋಕೆ ಬಿಟ್ಟಿದ್ರಲ್ಲ. ಹಲ್ಲಿನ ವಿಷಯ ನಂಗೇನೂ ಪರವಾಗಿಲ್ಲ ಅಂದ. ನಾನು ಕೇಳಿರ್ಲಿಲ್ಲ. ಕಾಫಿ ಲೋಟ ಕೊಡುವಾಗ ಇನ್ನೊಂದ್ ಸಲ ಪರವಾಗಿಲ್ಲ ಅಂದ. ಹೊರಡುವಾಗ ಮತ್ತೆ. ಜೀವನ ಪೂರ್ತಿ ಆ ಪರವಾಗಿಲ್ಲ ಕೇಳ್ಕೊಂಡು ಇರೋಕೆ ನನ್ನ ಕೈಯಲ್ಲಿ ಆಗಲ್ಲ ಅನ್ನಿಸ್ತು."

ತಂಗಿ ನಲ್ಲಿ ನಿಲ್ಲಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ಒಬ್ಳೇ ಇರೋದು ನಿಂಗೆ ಇಷ್ಟಾನಾ?" ಎಂದು ಕೇಳಿದಳು.

ಸುಳ್ಳು ಹೇಳಿದ್ದರ ಬೆಲೆ ಆ ಮನೆಯಲ್ಲಿ ಆಗಲೇ ಸಾಕಷ್ಟು ಆಗಿತ್ತು. "ಇಲ್ಲ" ಎಂದೆ. "ಕಷ್ಟ. ಭಾನುವಾರ ಬಂದ್ರೆ ತುಂಬಾ ಕಷ್ಟ. ಆದ್ರೆ ಅದನ್ನ ಪೂರ್ತಿ ನೀರಿನ ಮೇಲೆ ಹಾಕ್ಬೇಡ. ಅರ್ಧ ಆ ನೀರಿಂದ, ಇನ್ನರ್ಧ ನನ್ನ ಕೊಬ್ಬಿಂದ."

ಅವಳು ಅಳುತ್ತಲೇ ನಕ್ಕಳು. "ಇಷ್ಟ್ ವರ್ಷ ನಿಂಗೋಸ್ಕರ ಅತ್ತಿದ್ದೆಲ್ಲ ದಂಡ" ಎಂದಳು. ಆಮೇಲೆ ಚಿಕ್ಕ ನಲ್ಲಿ ತಿರುಗಿಸಿ ಅನ್ನಕ್ಕೆ ನೀರು ಹಿಡಿದಳು. ಅದು ಕೈಗೆ ಆಗಿಹೋದ ಅಭ್ಯಾಸವೋ, ನಿರ್ಧಾರವೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದೆ.

ಸಿಡ್ನಿಗೆ ವಾಪಸ್ಸು ಬಂದೆ. ವಿಮಾನ ನಿಲ್ದಾಣದಿಂದ ಮನೆಯವರೆಗೆ ಯಾರೊಂದಿಗೂ ಒಂದು ಮಾತಾಡುವ ಅಗತ್ಯ ಬೀಳಲಿಲ್ಲ. ಹೋಗುವ ಮೊದಲು ಮಾಡಿದ ಸಾರು ಫ್ರಿಜ್ಜಿನಲ್ಲಿ ಹಾಗೇ ಇತ್ತು, ಚೆಲ್ಲಿದೆ. ಆ ವಾರ ಒಂದು ಊರಿನ ಲೆಕ್ಕ ಮುಗಿಸಿಕೊಡಬೇಕಿತ್ತು. ಕಲೆಯ ಸಾಲಿಗೆ ಬಂದಾಗ ನಾನು ಬಹಳ ಹೊತ್ತು ನಿಂತೆ. ಹಿಂದೆಲ್ಲ ಆ ಸಾಲು ಬಂದರೆ, ಇವರಿಗೆ ಏನು ಗೊತ್ತು ಇದರ ಬೆಲೆ ಎಂದು ಒಳಗೊಳಗೇ ಉರಿಯುತ್ತಿದ್ದೆ. ನನ್ನ ಭಾನುವಾರಗಳನ್ನೆಲ್ಲ ಅದರೊಳಗೆ ತುಂಬಿಬಿಡಬೇಕು ಅನ್ನಿಸುತ್ತಿತ್ತು. ಈ ಸಲ ಕಲೆ ತೆಗೆಸಲು ಎಷ್ಟು ಬೇಕೋ ಅಷ್ಟನ್ನೇ ಹಾಕಿದೆ. ಭಾನುವಾರಗಳನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಅವು ಆ ಊರಿನ ನೀರಿನ ತಪ್ಪಲ್ಲ.

ಕೆಲವು ವಾರಗಳ ನಂತರ ಒಂದು ಭಾನುವಾರ ಬೆಳಿಗ್ಗೆ ತಂಗಿ ವಿಡಿಯೋ ಕಾಲ್ ಮಾಡಿದಳು. ಫೋನನ್ನು ಅಡುಗೆಕಟ್ಟೆಯ ಮೇಲೆ ಒರಗಿಸಿಟ್ಟು ದೋಸೆ ಹುಯ್ಯುತ್ತಿದ್ದಳು. ಮಗುವಿನ ಮುಖ ಪರದೆಯ ತುಂಬ ಬಂತು. ಈಗ ನಮ್ಮ ಮಾತು ಶುರುವಾಗುವುದೇ ಹೀಗೆ: ಅವಳು ಬಾಯಿ ತೆರೆದು ತೋರಿಸುತ್ತಾಳೆ, ನಾನೂ ತೆರೆದು ತೋರಿಸಬೇಕು. ಹಿಂದೆ ಬಲಗಡೆ, ಸ್ಟೀಲ್ ಟೊಪ್ಪಿಗೆಗಳಾಚೆ, ಹೊಸ ಹಲ್ಲಿನ ತುದಿ ಕಾಣುತ್ತಿತ್ತು. ಬೆಳ್ಳಗಿತ್ತು. ಡ್ಯಾನ್ಸ್ ಕ್ಲಾಸಿಗೆ ಹೊತ್ತಾಯಿತು ಎಂದು ತಂಗಿ ಆ ಕಡೆಯಿಂದ ಕೂಗಿದಳು. ಮಗು ತನ್ನ ಬಾಟಲಿ ಹಿಡಿದುಕೊಂಡು ಸಿಂಕಿನ ಹತ್ತಿರ ಹೋದಳು. ಅಲ್ಲಿ ನಿಂತು ಅಮ್ಮನನ್ನು ಕೇಳಿದಳು, ಕನ್ನಡದಲ್ಲಿ, ಏಕೆಂದರೆ ಆ ನಲ್ಲಿಗೆ ಅವಳ ಬಳಿ ಬೇರೆ ಹೆಸರಿರಲಿಲ್ಲ.

"ದೊಡ್ಡಮ್ಮನ ನೀರಾ?"

"ಹೂಂ, ದೊಡ್ಡಮ್ಮನ ನೀರೇ. ತುಂಬ ತುಂಬಿಸ್ಕೋ" ಎಂದಳು ತಂಗಿ, ದೋಸೆಯಿಂದ ಕಣ್ಣು ತೆಗೆಯದೆ.

ದೊಡ್ಡ ನಲ್ಲಿಯ ಸದ್ದು ಕೇಳಿಸಿತು. ಅವರು ಹೊರಟ ಮೇಲೆ ಫೋನ್ ಇಟ್ಟು, ಎದ್ದು ಹೋಗಿ ನನ್ನ ಅಡುಗೆಮನೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಿಂಕಿನ ಮುಂದೆ ನಿಂತುಕೊಂಡೇ ಪೂರ್ತಿ ಕುಡಿದೆ.